ಸಂಕಟಕ್ಕೆ ಇಂಗ್ಲಿಷಿನಲ್ಲಿ ಏನಂತಾರೆ?

ದುಃಖ, ನೋವು, ಕಷ್ಟ ಇವಕ್ಕೆ ಇಂಗ್ಲಿಷಿನಲ್ಲಿರುವ ಪದಗಳ ಬಗ್ಗೆ ಕೇಳಿ ಅಂತ ಕಳೆದ ಸಂಚಿಕೆಯಲ್ಲಿ ಒಂದು ಸಾಲು ಹಾಕಿದ್ದೆವು. ಪದದ ಅರ್ಥ ಕೇಳುವ ಪತ್ರಗಳು ಬರುತ್ತವೆ ಅಂದುಕೊಂಡಿದ್ದೆ. ಬಂದವು. ಆದರೆ ಅರ್ಧಕ್ಕಿಂತ ಜಾಸ್ತಿ ಪತ್ರಗಳಲ್ಲಿ ಪದದ ಹಿಂದೆ ಒಂದು ಮನೆ ಇತ್ತು, ಒಬ್ಬ ಮನುಷ್ಯ ಇದ್ದ. ಆರು ಪತ್ರ ಆರಿಸಿದ್ದೇನೆ. ಯಾರ ಹೆಸರೂ ಹಾಕಿಲ್ಲ.

ನಾನು ನರ್ಸಿಂಗ್ ಮುಗಿಸಿ ಐರ್ಲೆಂಡಿಗೆ ಹೋಗಲು ಒಇಟಿ ಅನ್ನೋ, ಆಸ್ಪತ್ರೆ ಕೆಲಸದವರ ಇಂಗ್ಲಿಷ್ ಪರೀಕ್ಷೆಗೆ ಓದುತ್ತಿದ್ದೇನೆ. ಅದರಲ್ಲಿ ರೋಗಿಯ ಜೊತೆ ಮಾತಾಡುವ ಹಾಗೆ ಮಾತಾಡಬೇಕು. ನಮ್ಮ ಕಡೆ ರೋಗಿಗಳು ‘ಸಂಕಟ ಆಗ್ತದೆ ಸಿಸ್ಟರ್’ ಅಂತಾರೆ. ಇದಕ್ಕೆ ಇಂಗ್ಲಿಷಿನಲ್ಲಿ ಪೇನ್ ಅನ್ನಬೇಕಾ, ಡಿಸ್ಟ್ರೆಸ್ ಅನ್ನಬೇಕಾ, ಸಫರಿಂಗ್ ಅನ್ನಬೇಕಾ?
— ನರ್ಸಿಂಗ್ ಪದವೀಧರೆ, ಪುತ್ತೂರು

ತಂಗಿ, ಮೊದಲು ನಾನೇ ಮಾಡಿದ ಒಂದು ತಪ್ಪು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ದೊಡ್ಡಮ್ಮನನ್ನು ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರಿಗೆ ಕನ್ನಡ ಬರುತ್ತಿರಲಿಲ್ಲ. ದೊಡ್ಡಮ್ಮ ‘ಊಟಕ್ಕೆ ಕೂತರೆ ಸಂಕಟ ಆಗ್ತದೆ’ ಅಂದರು. ನಾನು ಒಂದು ಕ್ಷಣವೂ ಯೋಚಿಸದೆ ‘ಸ್ಟಮಕ್ ಪೇನ್’ ಅಂತ ಹೇಳಿಬಿಟ್ಟೆ. ರಕ್ತ ತೆಗೆದರು, ಸ್ಕ್ಯಾನ್ ಮಾಡಿದರು, ಗಂಟಲಲ್ಲಿ ಪೈಪ್ ಬಿಟ್ಟು ಎಂಡೋಸ್ಕೋಪಿಯೂ ಆಯಿತು. ಎಲ್ಲ ನಾರ್ಮಲ್. ಸಂಜೆ ಬಸ್ಸಿನಲ್ಲಿ ವಾಪಸ್ ಬರುವಾಗ ದೊಡ್ಡಮ್ಮ ಆ ಸ್ಕ್ಯಾನ್ ಕವರನ್ನು ತೊಡೆ ಮೇಲಿಟ್ಟುಕೊಂಡು ಅದರ ಮೂಲೆಯನ್ನು ಮಡಚುತ್ತಾ ಬಿಡಿಸುತ್ತಾ ಕೂತಿದ್ದರು. ಕಡೂರು ದಾಟಿದ ಮೇಲೆ ಮೆಲ್ಲಗೆ ಹೇಳಿದರು: ‘ಅನ್ನ ಕಲಸಿದ ತಕ್ಷಣ ಅವನ ನೆನಪಾಗ್ತದೆ ಕಣೇ. ತುತ್ತು ಒಳಗೆ ಇಳಿಯಲ್ಲ.’ ಅವರ ದೊಡ್ಡ ಮಗ ತೀರಿಕೊಂಡು ಆಗ ಎಂಟು ತಿಂಗಳಾಗಿತ್ತು. ಡಾಕ್ಟರು ಕೇಳಿದ್ದಕ್ಕೆ ಸರಿಯಾಗೇ ಚಿಕಿತ್ಸೆ ಮಾಡಿದ್ದರು. ಅವರಿಗೆ ತಪ್ಪು ಪದ ಕೊಟ್ಟವಳು ನಾನು.

ಸಂಕಟ ಅನ್ನೋ ಪದಕ್ಕೆ ಸಂಸ್ಕೃತದಲ್ಲಿ ಇಕ್ಕಟ್ಟಾದ, ಕಿರಿದಾದ ಅಂತ ಅರ್ಥ. ನಮ್ಮ ಅಚ್ಚಗನ್ನಡದ ‘ಇಕ್ಕಟ್ಟು’ ನೋಡಿ, ಓಣಿಯೂ ಇಕ್ಕಟ್ಟು, ಬದುಕೂ ಇಕ್ಕಟ್ಟು. ಇಂಗ್ಲಿಷಿನ ‘ಆಂಗ್ವಿಶ್’ ಕೂಡ ಲ್ಯಾಟಿನ್‌ನಲ್ಲಿ ಇಕ್ಕಟ್ಟು ಅನ್ನೋ ಪದದಿಂದಲೇ ಬಂದದ್ದು. ‘ಆಂಗ್ಸೈಟಿ’ಯೂ ಅದೇ ಬಳಗದ್ದು, ಹಿಸುಕು, ಕತ್ತು ಒತ್ತು ಅನ್ನೋದು ಅದರ ಬೇರು. ಅಂದರೆ ಎದೆ ಬಿಗಿಯುವುದು, ಗಂಟಲು ಕಟ್ಟುವುದು ಎಲ್ಲ ದೇಶದವರಿಗೂ ಒಂದೇ ಥರ ಆಗಿದೆ, ಅದಕ್ಕೇ ಪದವೂ ಒಂದೇ ಥರ ಹುಟ್ಟಿದೆ. ಆದರೆ ಇವತ್ತಿನ ಇಂಗ್ಲಿಷಿನಲ್ಲಿ ಆಂಗ್ವಿಶ್ ಪುಸ್ತಕದ ಪದ, ಹಾಸಿಗೆ ಮೇಲೆ ಮಲಗಿದವರು ಅದನ್ನು ಬಾಯಲ್ಲಿ ಆಡುವುದಿಲ್ಲ. ನಮ್ಮ ಸಂಕಟವೋ, ಹೊಟ್ಟೆ ತೊಳಸುವುದರಿಂದ ಹಿಡಿದು ಮಗನನ್ನು ಕಳೆದುಕೊಂಡವರೆಗೆ ಎಲ್ಲಕ್ಕೂ ಆಗುತ್ತದೆ.

ಅದಕ್ಕೇ ಅದಕ್ಕೆ ಒಂದೇ ಪದ ಹುಡುಕಬೇಡಿ. ಎಲ್ಲಿ ಆಗುತ್ತದೆ, ಯಾವಾಗ ಆಗುತ್ತದೆ, ಯಾವಾಗಿನಿಂದ ಅಂತ ಕೇಳಿ. ಕೈ ಇಟ್ಟು ತೋರಿಸುವಂಥದ್ದಾದರೆ ಪೇನ್. ವಾಂತಿ ಬಂದ ಹಾಗಾದರೆ ನಾಸಿಯಾ. ಡಿಸ್ಟ್ರೆಸ್ ಅನ್ನೋದು ನೀವು ಕೇಸ್ ಶೀಟಿನಲ್ಲಿ ಬರೆಯುವ ಪದ, ‘ರೋಗಿ ತುಂಬಾ ಕಳವಳದಲ್ಲಿದ್ದಾರೆ’ ಅನ್ನೋದಕ್ಕೆ. ರೋಗಿ ತಾನಾಗಿ ಹೇಳುವುದು ‘ಐಯಾಮ್ ಅಪ್‌ಸೆಟ್’, ‘ಐ ಫೀಲ್ ಲೋ’, ‘ಐಯಾಮ್ ನಾಟ್ ಮೈಸೆಲ್ಫ್’ ಇಂಥ ಚಿಕ್ಕ ಮಾತುಗಳು. ಇನ್ನು ಸಫರಿಂಗ್. ಅದು ಲ್ಯಾಟಿನ್‌ನಲ್ಲಿ ಕೆಳಗೆ ನಿಂತು ಹೊರುವುದು ಅನ್ನೋ ಅರ್ಥದ ಪದ. ಅದರೊಳಗಿನ ‘ಹೊರು’ ಅನ್ನೋ ಧಾತುವಿಗೂ ನಾವು ಸಂಸ್ಕೃತದಿಂದ ತಂದುಕೊಂಡ ‘ಭಾರ’, ‘ಭರಿಸು’ ಪದಗಳಿಗೂ ಮೂಲ ಒಂದೇ. ಬಹಳ ದೊಡ್ಡ ಪದ. ಜ್ವರ, ತಲೆನೋವಿಗೆಲ್ಲ ತರಬೇಡಿ.

ಐರ್ಲೆಂಡಿನವರು ಹುಷಾರಾಗಿದ್ದೇನೆ ಅನ್ನೋದಕ್ಕೆ ‘ಐಯಾಮ್ ಗ್ರ್ಯಾಂಡ್’ ಅಂತಾರೆ. ಅದನ್ನು ಕೇಳಿ ಮುಂದೆ ಹೋಗಿಬಿಡಬೇಡಿ, ನಮ್ಮಲ್ಲಿ ಅಜ್ಜಿಯಂದಿರು ‘ನಂಗೇನಾಗಿದೆ, ಆರಾಮಿದ್ದೀನಿ’ ಅಂದ ಹಾಗೇ ಅದು. ‘ಹೌ ಆರ್ ಯು ಫೀಲಿಂಗ್ ಇನ್ ಯುವರ್‌ಸೆಲ್ಫ್’ ಅಂತ ಇನ್ನೊಂದು ಸಲ ಕೇಳಿ. ದೇಹದ ಬಗ್ಗೆ ಆಯಿತು, ಒಳಗೆ ಹೇಗಿದ್ದೀರಿ ಅಂತ ಕೇಳುವ ರೂಢಿ ಮಾತು ಅದು. ಅವರ ಹಳೆಯ ಐರಿಷ್ ಭಾಷೆಯಲ್ಲಿ ‘ನಾನು ದುಃಖಿ’ ಅನ್ನೋದಿಲ್ಲ, ‘ದುಃಖ ನನ್ನ ಮೇಲಿದೆ’ ಅಂತಾರೆ. ನಾವೂ ‘ನನಗೆ ದುಃಖ ಆಗಿದೆ’ ಅನ್ನುತ್ತೇವೆ ಅಲ್ವಾ? ಬಂದದ್ದು, ಹೋಗಬಹುದಾದದ್ದು ಅನ್ನೋ ಭಾವ ಎರಡರಲ್ಲೂ ಇದೆ. ನೀವು ಅಲ್ಲಿ ಪರಕೀಯರಾಗುವುದಿಲ್ಲ.

ಪರೀಕ್ಷೆಯಲ್ಲಿ ಆ್ಯಗನಿ, ಆರ್ಡೀಲ್, ಮಿಸರಿ, ಟ್ರಾಮಾ ಇವನ್ನು ಕೊಟ್ಟು ಬಿಟ್ಟ ಸ್ಥಳ ತುಂಬಿ ಅಂತಾರೆ. ನಿಘಂಟು ನೋಡಿದರೆ ಎಲ್ಲಕ್ಕೂ ‘ಯಾತನೆ, ನೋವು, ಸಂಕಟ’ ಅಂತಲೇ ಇದೆ. ನೆನಪಿಡುವುದು ಹೇಗೆ?
— ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವವನು, ಧಾರವಾಡ

ಒಂದೊಂದಕ್ಕೂ ಒಂದು ಚಿತ್ರ ಇಟ್ಟುಕೊಳ್ಳಿ. ಆರ್ಡೀಲ್ ಅಂದರೆ ಅಗ್ನಿಪರೀಕ್ಷೆ, ಅಕ್ಷರಶಃ ಅದೇ. ಹಳೇ ಇಂಗ್ಲೆಂಡಿನಲ್ಲಿ ಕಳ್ಳತನದ ಆರೋಪ ಬಂದವನ ಕೈಗೆ ಕೆಂಪಗೆ ಕಾದ ಕಬ್ಬಿಣ ಕೊಟ್ಟು ಒಂಬತ್ತು ಅಡಿ ನಡೆಸುತ್ತಿದ್ದರು. ಕೈಗೆ ಬಟ್ಟೆ ಕಟ್ಟಿ ಮೂರು ದಿನ ಬಿಟ್ಟು ಬಿಚ್ಚಿ ನೋಡುತ್ತಿದ್ದರು. ಗಾಯ ಮಾಗುತ್ತಿದ್ದರೆ ನಿರಪರಾಧಿ, ಕೀವಾಗಿದ್ದರೆ ಅಪರಾಧಿ. 1215ರಲ್ಲಿ ಪೋಪ್ ಕರೆದ ಸಭೆ ಪಾದ್ರಿಗಳು ಇದರಲ್ಲಿ ಭಾಗವಹಿಸಬಾರದು ಅಂದ ಮೇಲೆ ಅಲ್ಲಿ ಈ ಪದ್ಧತಿ ನಿಂತಿತು. ನಮ್ಮ ಧರ್ಮಶಾಸ್ತ್ರಗಳಲ್ಲೂ ಇಂಥ ಪರೀಕ್ಷೆಗೆ ‘ದಿವ್ಯ’ ಅಂತ ಹೆಸರಿದೆ. ಹಾಗಾಗಿ ಆರ್ಡೀಲ್‌ಗೆ ಒಂದು ಶುರು, ಒಂದು ಕೊನೆ ಇರಬೇಕು. ಮೂರು ದಿನ ಪ್ರವಾಹದಲ್ಲಿ ಮಹಡಿ ಮೇಲೆ ಸಿಕ್ಕಿಕೊಂಡದ್ದು ಆರ್ಡೀಲ್.

ಆ್ಯಗನಿ ಗ್ರೀಕರ ಕುಸ್ತಿ ಅಖಾಡದಿಂದ ಬಂದದ್ದು. ಪೈಪೋಟಿಗೆ ಅವರು ಆಗೋನ್ ಅನ್ನುತ್ತಿದ್ದರು. ಪೈಲ್ವಾನ ನೆಲಕ್ಕೆ ಒತ್ತಿ ಹಿಡಿದಿರುವಾಗ ಒದ್ದಾಡುತ್ತಾನಲ್ಲ, ಆ ಒದ್ದಾಟ. ಹೊರಳಾಡುವಂಥ, ತಡೆಯಲಾರದ ನೋವಿಗೆ ಮಾತ್ರ ಅದು. ಮಿಸರಿ ಅನ್ನೋದು ದಿನದಿನದ ಗೋಳು, ಕೊನೆ ಕಾಣದ್ದು. ಟ್ರಾಮಾ ಗ್ರೀಕ್‌ನಲ್ಲಿ ಗಾಯ. ಹೈವೇ ಪಕ್ಕ ಟ್ರಾಮಾ ಸೆಂಟರ್ ಬೋರ್ಡ್ ನೋಡಿರುತ್ತೀರಿ, ಅಲ್ಲಿ ಇನ್ನೂ ಹಳೇ ಅರ್ಥವೇ ಇದೆ, ಅಪಘಾತದ ಗಾಯ. ಮನಸ್ಸಿಗೆ ಆದ ಗಾಯಕ್ಕೆ ಅದನ್ನು ಹೇಳಲು ಶುರುವಾದದ್ದು 19ನೇ ಶತಮಾನದ ಕೊನೆಯ ಹೊತ್ತಿಗೆ. ಮೊದಲ ಮಹಾಯುದ್ಧದ ಸೈನಿಕರಿಗೆ ‘ಶೆಲ್ ಶಾಕ್’ ಅಂದರು. ವಿಯೆಟ್ನಾಂ ಯುದ್ಧ ಮುಗಿಸಿ ಬಂದವರ ಪಾಡು ನೋಡಿದ ಮೇಲೆ 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಪಿಟಿಎಸ್‌ಡಿ, ಅಂದರೆ ‘ಪೋಸ್ಟ್ ಟ್ರಾಮಾಟಿಕ್ ಸ್ಟ್ರೆಸ್ ಡಿಸಾರ್ಡರ್’ ಅನ್ನೋ ಹೆಸರನ್ನು ತನ್ನ ಕೈಪಿಡಿಗೆ ಸೇರಿಸಿತು. ಇಷ್ಟು ಜನರ ಸಂಕಟ ಹೊತ್ತು ಬಂದ ಪದ ಅದು. ಬಸ್ ತಪ್ಪಿಹೋದದ್ದಕ್ಕೆ, ಸಿನಿಮಾ ಚೆನ್ನಾಗಿಲ್ಲದ್ದಕ್ಕೆ ‘ಟ್ರಾಮಾ ಆಯ್ತು’ ಅನ್ನೋದನ್ನು ಕೇಳಿದಾಗ ನನಗೆ ನಿಜವಾಗಿ ಬೇಜಾರಾಗುತ್ತದೆ. ನಾಳೆ ನಿಜವಾಗಿ ಗಾಯ ಆದವರು ಅದೇ ಪದ ಹೇಳಿದಾಗ ಯಾರೂ ತಿರುಗಿ ನೋಡದ ಹಾಗಾಗುತ್ತದೆ.

ಎಂಟನೇ ಕ್ಲಾಸಿನ ಮಕ್ಕಳು ‘ಹಾರ್ಡ್‌ಶಿಪ್‌ನಲ್ಲಿ ಶಿಪ್ ಯಾಕಿದೆ ಟೀಚರ್’ ಅಂತ ಕೇಳಿದರು.
— ಶಿಕ್ಷಕಿ, ಚಾಮರಾಜನಗರ

ಆ ಶಿಪ್‌ಗೂ ಹಡಗಿಗೂ ಸಂಬಂಧ ಇಲ್ಲ. ಫ್ರೆಂಡ್‌ಶಿಪ್‌ನಲ್ಲಿ ಇರೋದೇ ಇಲ್ಲೂ ಇರೋದು, ನಮ್ಮ ‘ತನ’ದ ಹಾಗೆ ಒಂದು ಬಾಲ. ಹಾರ್ಡ್‌ಶಿಪ್ ಅಂದರೆ ಹೊರಗಿನ ಕಷ್ಟ, ಬರ, ಸಾಲ, ಕೆಲಸ ಹೋಗುವುದು ಇಂಥವು. ‘ದುಡ್ಡಿನ ತಾಪತ್ರಯ’ ಅಂತೀವಲ್ಲ, ಅದಕ್ಕೆ ಇಷ್ಟು ಹತ್ತಿರದ ಇಂಗ್ಲಿಷ್ ಪದ ಇನ್ನೊಂದಿಲ್ಲ. ತಾಪತ್ರಯ ಅಂದರೆ ಮೂರು ತಾಪಗಳು, ತನ್ನಿಂದ ಬರುವುದು, ಬೇರೆ ಜೀವಿಗಳಿಂದ ಬರುವುದು, ದೈವದಿಂದ ಬರುವುದು. ಅಷ್ಟು ದೊಡ್ಡ ತತ್ವದ ಪದವನ್ನು ನಮ್ಮ ಜನ ತಿಂಗಳ ಕೊನೆಯ ಖರ್ಚಿಗೆ ಇಟ್ಟುಕೊಂಡಿದ್ದಾರೆ. ಮಕ್ಕಳಿಗೆ ಇದನ್ನೂ ಹೇಳಿ. ಮುಂದೆ ಕಾಲೇಜಿನಲ್ಲಿ ಫೀಸ್ ಕಡಿಮೆ ಮಾಡಿ ಅಂತ ಅರ್ಜಿ ಬರೆಯುವಾಗ ‘ಫೈನಾನ್ಶಿಯಲ್ ಹಾರ್ಡ್‌ಶಿಪ್’ ಅನ್ನೋ ಎರಡು ಪದ ಅವರಿಗೆ ಬೇಕಾಗಬಹುದು.

ರಜೆ ಕೇಳುವ ಮೇಲ್‌ನಲ್ಲಿ ‘ಐ ಹ್ಯಾವ್ ಲಾಟ್ ಆಫ್ ಟೆನ್ಷನ್’ ಅಂತ ಬರೆದೆ. ಅಮೆರಿಕದಲ್ಲಿರುವ ಮ್ಯಾನೇಜರ್ ‘ಯಾರ ಜೊತೆ’ ಅಂತ ವಾಪಸ್ ಕೇಳಿದರು. ಏನು ತಪ್ಪಾಯಿತು? ಎಲ್ಲರೂ ‘ಬರ್ನ್‌ಔಟ್’ ಅಂತಾರಲ್ಲ, ಅದನ್ನು ಬರೆಯಬೇಕಿತ್ತಾ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಟೆನ್ಷನ್ ಈಗ ಪೂರ್ತಿ ಕನ್ನಡದ ಪದ ಸರ್. ‘ಟೆನ್ಷನ್ ತಗೋಬೇಡ’ ಅಂತ ನಮ್ಮಮ್ಮನೂ ಅಂತಾರೆ, ಹಾಲು ಹಾಕುವವರೂ ಅಂತಾರೆ. ಆದರೆ ಅಮೆರಿಕದ ಆಫೀಸಿನಲ್ಲಿ ಟೆನ್ಷನ್ ಅಂದರೆ ಇಬ್ಬರ ನಡುವಿನ ಬಿಗುವು, ಜಗಳ ಆಗುವ ಮೊದಲಿನ ಹವಾ. ಟೀಮಿನಲ್ಲಿ ಯಾರೊಂದಿಗೋ ಕಿತ್ತಾಟ ಅಂತ ಅವರು ತಿಳಿದುಕೊಂಡಿದ್ದಾರೆ. ಅಲ್ಲಿಗೆ ‘ಸ್ಟ್ರೆಸ್’ ಬರೆಯಿರಿ. ಅದು ಮೊದಲಿಂದಲೂ ಇಕ್ಕಟ್ಟು, ಕಷ್ಟ ಅನ್ನೋ ಅರ್ಥದ ಪದ, ಆಮೇಲೆ ಇಂಜಿನಿಯರುಗಳು ಕಬ್ಬಿಣದ ಮೇಲೆ ಬೀಳುವ ಒತ್ತಡಕ್ಕೆ ಬಳಸಿಕೊಂಡರು. ಹಾನ್ಸ್ ಸೆಲ್ಯೆ ಅನ್ನೋ ವಿಜ್ಞಾನಿ ಮಾಂಟ್ರಿಯಲ್‌ನಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡಿ 1936ರಲ್ಲಿ ಒಂದು ಚಿಕ್ಕ ಬರಹ ಪ್ರಕಟಿಸಿದರು. ಚಳಿಯಾಗಲಿ, ಗಾಯವಾಗಲಿ, ದಣಿವಾಗಲಿ, ಕಾರಣ ಬೇರೆಯಾದರೂ ದೇಹ ಕೊಡುವ ಉತ್ತರ ಒಂದೇ ಥರ ಇರುತ್ತದೆ ಅನ್ನೋದು ಅವರ ಮಾತು. ಈಗ ಎಲ್ಲರ ಬಾಯಲ್ಲಿರುವ ಸ್ಟ್ರೆಸ್ ಅವರ ಕೆಲಸದಿಂದ ಹರಡಿದ್ದು.

ಇನ್ನು ನೀವು ಕೊನೆಯಲ್ಲಿ ಕೇಳಿದ ‘ಬರ್ನ್‌ಔಟ್’. ಇದು ಸ್ಟ್ರೆಸ್‌ನ ದೊಡ್ಡಣ್ಣ ಅಷ್ಟೇ ಅಂದುಕೊಳ್ಳಬೇಡಿ. ನ್ಯೂಯಾರ್ಕಿನ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಅನ್ನೋ ಮನಶ್ಶಾಸ್ತ್ರಜ್ಞರು 1974ರಲ್ಲಿ ಇದರ ಬಗ್ಗೆ ಬರೆದರು. ಬಡವರಿಗಾಗಿ ನಡೆಯುತ್ತಿದ್ದ ಉಚಿತ ಕ್ಲಿನಿಕ್ಕಿನಲ್ಲಿ ಜೀವ ತೇಯ್ದು ದುಡಿಯುತ್ತಿದ್ದವರು, ಅವರೂ ಸೇರಿ, ಒಂದು ದಿನ ಎಣ್ಣೆ ಮುಗಿದ ದೀಪದ ಹಾಗಾಗುವುದನ್ನು ಕಂಡು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಗಳ ಪಟ್ಟಿಯಲ್ಲಿ ಬರ್ನ್‌ಔಟ್‌ಗೆ ಜಾಗ ಇದೆ, ಆದರೆ ರೋಗ ಅಂತ ಅಲ್ಲ, ಕೆಲಸದ ಜಾಗದಿಂದ ಹುಟ್ಟುವ ಸ್ಥಿತಿ ಅಂತ. ಸುಸ್ತು, ಕೆಲಸ ಅಂದರೆ ಮುಖ ತಿರುಗಿಸುವಂತಾಗುವುದು, ಏನು ಮಾಡಿದರೂ ಸರಿಯಾಗುತ್ತಿಲ್ಲ ಅನಿಸುವುದು, ಈ ಮೂರೂ ಇರಬೇಕು. ಇದ್ದರೆ ಧೈರ್ಯವಾಗಿ ಆ ಪದ ಬರೆಯಿರಿ. ಯಾಕಂದರೆ ಸ್ಟ್ರೆಸ್ ಅಂದರೆ ಅವರು ಎರಡು ದಿನ ರಜೆ ಕೊಡುತ್ತಾರೆ. ಬರ್ನ್‌ಔಟ್ ಅಂದರೆ ಕೆಲಸದ ಹೊರೆಯನ್ನೇ ನೋಡಬೇಕಾಗುತ್ತದೆ. ಏನೂ ಹೇಳಲು ಮನಸ್ಸಿಲ್ಲದಿದ್ದರೆ ‘ಆರೋಗ್ಯದ ಕಾರಣ’ ಅಂತಷ್ಟೇ ಬರೆದರೂ ಸುಳ್ಳಾಗುವುದಿಲ್ಲ.

ಸಹೋದ್ಯೋಗಿಯ ತಂದೆ ತೀರಿಕೊಂಡರು. ಆಫೀಸ್ ಗ್ರೂಪಿನಲ್ಲಿ ಎಲ್ಲರೂ ‘ಆರ್‌ಐಪಿ’ ಹಾಕಿದರು, ಕೆಲವರು ‘ಸಾರಿ ಫಾರ್ ಯುವರ್ ಲಾಸ್’ ಹಾಕಿದರು. ನಾವೇನು ತಪ್ಪು ಮಾಡಿದ್ದೇವೆ ಅಂತ ಸಾರಿ ಹೇಳಬೇಕು? ನಾನು ಏನೂ ಬರೆಯದೆ ಬಿಟ್ಟೆ. ಈಗ ಮುಖ ನೋಡಲು ಸಂಕೋಚ.
— ಓದುಗರು, ಶಿವಮೊಗ್ಗ

ಸಾರಿ ಅಂದರೆ ಮೊದಲು ಕ್ಷಮೆ ಅಲ್ಲವೇ ಅಲ್ಲ. ಹುಣ್ಣಿಗೆ, ನೋವಿಗೆ ಅವರು ‘ಸೋರ್’ ಅಂತಾರಲ್ಲ, ಅದರಿಂದ ಹುಟ್ಟಿದ ಪದ. ‘ನನಗೂ ನೋವಾಗಿದೆ’ ಅಂತ ಅರ್ಥ. ದುಃಖ ಅನ್ನೋದಕ್ಕೆ ಇರುವ ‘ಸಾರೋ’ ನೋಡಲು ಅದರ ಅಕ್ಕನ ಹಾಗಿದ್ದರೂ ಬೇರೆ ಮನೆಯ ಪದ. ಆರ್‌ಐಪಿ ಲ್ಯಾಟಿನ್‌ನಲ್ಲಿ ಹೋದವರಿಗಾಗಿ ಮಾಡುವ ಪ್ರಾರ್ಥನೆ, ಶಾಂತಿಯಿಂದ ವಿಶ್ರಮಿಸಲಿ ಅಂತ. ತಪ್ಪಿಲ್ಲ, ಆದರೆ ಉಳಿದವರಿಗೆ ಅದರಲ್ಲಿ ಒಂದು ಮಾತೂ ಇಲ್ಲ. ಉಳಿದವರಿಗೆ ಇಂಗ್ಲಿಷಿನಲ್ಲಿ ‘ಬಿರೀವ್ಡ್’ ಅಂತಾರೆ, ಹಳೇ ಅರ್ಥ ಕೊಳ್ಳೆ ಹೊಡೆಸಿಕೊಂಡವರು ಅಂತ. ಅವರ ಒಳಗಿರುವುದು ಗ್ರೀಫ್. ಅದು ಲ್ಯಾಟಿನ್‌ನಲ್ಲಿ ಭಾರ ಅನ್ನೋ ಪದದಿಂದ ಬಂತು, ಸಂಸ್ಕೃತದ ‘ಗುರು’ ಕೂಡ ಅದೇ ಬೇರಿನದ್ದು. ಹಗುರ ಅಲ್ಲದ್ದು. ಎದೆ ಮೇಲೆ ಕಲ್ಲಿಟ್ಟ ಹಾಗೆ ಅಂತ ನಾವು ಹೇಳೋದು ಅದನ್ನೇ. ಬೇಜಾರು, ಸ್ಯಾಡ್‌ನೆಸ್ ಸಂಜೆಗೆ ಹೋಗಬಹುದು. ಗ್ರೀಫ್ ತನ್ನ ಹೊತ್ತು ತೆಗೆದುಕೊಳ್ಳುತ್ತದೆ, ಮತ್ತೆ ಯಾವುದಾದರೂ ತಿಥಿಗೋ ಹಬ್ಬಕ್ಕೋ ಎದ್ದು ಕೂರುತ್ತದೆ. ಅದು ರೋಗವೂ ಅಲ್ಲ, ಅದನ್ನು ಬೇಗ ಮುಗಿಸು ಅಂತ ಯಾರೂ ಹೇಳಬಾರದು.

ನಮ್ಮಲ್ಲಿ ಸಾವಿನ ಮನೆಗೆ ಹೋಗೋದಕ್ಕೆ ‘ಮಾತಾಡಿಸಿಕೊಂಡು ಬರೋದು’ ಅಂತಾರೆ. ಹೋದವರು ಹೆಚ್ಚು ಮಾತಾಡೋದೇ ಇಲ್ಲ, ಚಾಪೆ ಮೇಲೆ ಕೂತು, ‘ಯಾವಾಗಿನಿಂದ ಹುಷಾರಿರಲಿಲ್ಲ’ ಅಂತ ಒಂದು ಮಾತು ಕೇಳುತ್ತಾರೆ. ಅಷ್ಟಕ್ಕೆ ಮನೆಯವರು ಇಡೀ ಕಥೆ ಹೇಳುತ್ತಾರೆ. ಹತ್ತು ಜನ ಬಂದರೆ ಹತ್ತು ಸಲ. ಹೇಳಿ ಹೇಳಿಯೇ ಸ್ವಲ್ಪ ಇಳಿಯುವುದು. ಒಂದು ತಿಂಗಳಾದರೂ ಪರವಾಗಿಲ್ಲ, ನಾಳೆ ಕ್ಯಾಂಟೀನಿನಲ್ಲಿ ಪಕ್ಕ ಕೂತು ‘ಅಪ್ಪನ ವಿಷಯ ಗೊತ್ತಾಯ್ತು, ಆವತ್ತು ಏನು ಬರೀಬೇಕೋ ತಿಳೀಲಿಲ್ಲ’ ಅಂತ ಹೇಳಿ. ಇಂಗ್ಲಿಷಿನಲ್ಲೇ ಬರೆಯಬೇಕಾದರೆ ಅವರ ತಂದೆಯ ಹೆಸರು ಹಿಡಿದು, ನೀವು ಕಂಡ ಒಂದು ಸಂಗತಿ ಸೇರಿಸಿ ಎರಡೇ ಸಾಲು ಬರೆಯಿರಿ.

ಮಗ ಡಿಗ್ರಿ ಎರಡನೇ ವರ್ಷ. ರಜಕ್ಕೆ ಬಂದವನು ‘ನಾನು ಡಿಪ್ರೆಶನ್‌ನಲ್ಲಿದ್ದೀನಿ ಅಮ್ಮ’ ಅಂದ. ಬೇಜಾರು ಅಂದರೇನೇ ಅದು ಅಲ್ವಾ, ಹೊಲಕ್ಕೆ ಹೋಗಿ ಬಾ ಸರಿಹೋಗ್ತದೆ ಅಂದೆ. ಆಮೇಲೆ ಅವನು ನನ್ನ ಹತ್ತಿರ ಮಾತೇ ಆಡುತ್ತಿಲ್ಲ. ಈ ಪದದ ಅರ್ಥ ಸರಿಯಾಗಿ ತಿಳಿಸಿ.
— ತಾಯಿ, ಸಿರುಗುಪ್ಪ

ಅಮ್ಮಾ, ನೀವು ಬೇಕಂತ ಹಾಗೆ ಹೇಳಿಲ್ಲ. ಈ ಪದವನ್ನು ಜನ ಎರಡು ಥರ ಆಡುತ್ತಾರೆ, ಅದೇ ತೊಂದರೆ. ಮ್ಯಾಚ್ ಸೋತರೂ ‘ಡಿಪ್ರೆಶನ್’ ಅಂತಾರೆ. ಡಾಕ್ಟರು ಅದೇ ಪದವನ್ನು ಒಂದು ಕಾಯಿಲೆಗೆ ಹೇಳುತ್ತಾರೆ, ಕನ್ನಡದಲ್ಲಿ ಖಿನ್ನತೆ ಅಂತ ಬರೆಯುತ್ತೇವೆ. ಪದದ ಮೂಲ ಅರ್ಥ ಕೆಳಕ್ಕೆ ಒತ್ತುವುದು. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂತ ರೇಡಿಯೋದಲ್ಲಿ ಹೇಳುತ್ತಾರಲ್ಲ, ಇಂಗ್ಲಿಷಿನಲ್ಲಿ ಅದಕ್ಕೂ ಡಿಪ್ರೆಶನ್ನೇ. ಸಮುದ್ರದಲ್ಲಿ ಎಲ್ಲೋ ಆದದ್ದಕ್ಕೆ ನಿಮ್ಮ ಭತ್ತದ ಗದ್ದೆಯಲ್ಲಿ ಮೂರು ದಿನ ಮೋಡ. ಕಾರಣ ಕಣ್ಣಿಗೆ ಕಾಣಲ್ಲ, ಹಾಗಂತ ಮೋಡ ಸುಳ್ಳಲ್ಲ.

ಬೇಜಾರಿಗೂ ಇದಕ್ಕೂ ವ್ಯತ್ಯಾಸ ನೋಡುವುದು ದಿನದ ಲೆಕ್ಕದಲ್ಲಿ. ಹೆಚ್ಚುಕಡಿಮೆ ಪ್ರತಿದಿನ, ದಿನದ ಬಹುಪಾಲು, ಎರಡು ವಾರ ಅಥವಾ ಅದಕ್ಕಿಂತ ಜಾಸ್ತಿ ಮನಸ್ಸು ಕುಗ್ಗಿದ್ದರೆ, ಅಥವಾ ಮೊದಲು ಇಷ್ಟಪಡುತ್ತಿದ್ದ ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ಡಾಕ್ಟರು ಅದನ್ನು ಗಂಭೀರವಾಗಿ ನೋಡುತ್ತಾರೆ. ನಿದ್ದೆ, ಹಸಿವು, ಓದಿನ ಮೇಲಿನ ಗಮನ ಏರುಪೇರಾಗಿರುತ್ತದೆ. ‘ನನ್ನಿಂದ ಏನೂ ಆಗಲ್ಲ’ ಅನ್ನೋ ಮಾತು ಬರುತ್ತಿರುತ್ತದೆ. ಬೇಜಾರಾದವನು ಹೊಲಕ್ಕೆ ಹೋದರೆ ಹಗುರಾಗುತ್ತಾನೆ. ಖಿನ್ನತೆ ಇರುವವನಿಗೆ ಹೊಲದ ತನಕ ಎದ್ದು ಹೋಗುವುದೇ ಬೆಟ್ಟ ಹತ್ತಿದ ಹಾಗೆ.

ಅವನು ಕನ್ನಡದಲ್ಲಿ ಹೇಳದೆ ಇಂಗ್ಲಿಷ್ ಪದ ಯಾಕೆ ಹೇಳಿದ ಅಂತ ನಾನು ಯೋಚಿಸಿದೆ. ಬೇಜಾರು ಅಂದರೆ ನೀವು ‘ಹೋಗ್ಲಿ ಬಿಡು’ ಅನ್ನುತ್ತೀರಿ, ತಲೆ ಕೆಟ್ಟಿದೆ ಅಂದರೆ ಊರು ಬೇರೆ ಅರ್ಥ ಮಾಡುತ್ತದೆ. ನಡುವೆ ಹೇಳಲು ಅವನಿಗೆ ಸಿಕ್ಕ ಪದ ಅದೊಂದೇ ಇರಬೇಕು. ಅದನ್ನು ಅವನು ಮೊದಲು ತಂದು ಹೇಳಿದ್ದು ನಿಮ್ಮ ಹತ್ತಿರ. ಅದನ್ನು ಮರೆಯಬೇಡಿ.

14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಮನಸ್ಸಿನ ತೊಂದರೆಗಳಿಗೆ ಸರ್ಕಾರದ್ದೇ ಸಹಾಯವಾಣಿ, 2022ರ ಅಕ್ಟೋಬರಿನಲ್ಲಿ ಶುರುವಾಯಿತು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ನೀವೇ ಮಾಡಿ ಕೇಳಬಹುದು. ನಿಮ್ಮ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಹಳ್ಳಿಯ ಆಸ್ಪತ್ರೆಗಳಲ್ಲೇ ಮನಸ್ಸಿನ ಕಾಯಿಲೆಗೆ ಔಷಧಿ ಸಿಗುವ ಹಾಗೆ ಮಾಡಿ ತೋರಿಸಿದ್ದರು. ಅದೇ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದದ್ದು. ಹಾಗಾಗಿ ಬಳ್ಳಾರಿಯಲ್ಲೇ ಮನೋವೈದ್ಯರಿಗೆ ತೋರಿಸಬಹುದು, ಬೆಂಗಳೂರಿಗೆ ಓಡಬೇಕಾಗಿಲ್ಲ. ಅವನು ಸಾಯುವ ಮಾತು ಆಡಿದರೆ ಮಾತ್ರ ಒಂದು ದಿನವೂ ಕಾಯಬೇಡಿ, ಒಬ್ಬನನ್ನೇ ಬಿಡಬೇಡಿ, ಆವತ್ತೇ ಕರೆದುಕೊಂಡು ಹೋಗಿ.

ಅದಕ್ಕಿಂತ ಮೊದಲು, ಇವತ್ತು ರಾತ್ರಿ, ರೊಟ್ಟಿ ಬಡಿಸಿ ಅವನ ಪಕ್ಕ ಕೂತುಕೊಳ್ಳಿ. ‘ಆವತ್ತು ನೀ ಏನೋ ಹೇಳಿದ್ದಿ, ನಂಗೆ ತಿಳೀಲಿಲ್ಲಪ್ಪಾ, ಇನ್ನೊಂದು ಸಲ ಹೇಳು’ ಅನ್ನಿ. ಅವನು ಯಾವ ಭಾಷೆಯಲ್ಲಿ ಹೇಳಿದರೂ ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಳ್ಳಿ. ಆಮೇಲೆ ಏನಾಯಿತು ಅಂತ ನನಗೂ ಬರೆಯಿರಿ, ಕಾಯುತ್ತಿರುತ್ತೇನೆ.